ಬೀಜದ ಗೋದಾಮಿನಲ್ಲಿ ಆಕಳು ನಿಲ್ಲಿಸಿದ ಖಾಜಾಬೀ ಮೇಡಂ

ಮೊಮ್ಮಕ್ಕಳೇ, ಶ್ರಾವಣಿ, ವೀರೇಶ, ಕೇಳಿ. ಖಾಜಾಬೀ ಮೇಡಂ ಯಾರ ಮನೆಗೆ ಹೋದರೂ ಮೊದಲು ನಮಸ್ಕಾರ ಹೇಳುತ್ತಿರಲಿಲ್ಲ. ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗೆ ಬಂದು ನಿಂತು, ಎಡಗಡೆಯಿಂದ ಸುರು ಮಾಡಿ ನಿಧಾನಕ್ಕೆ ಒಂದು ಸುತ್ತು ತಿರುಗುತ್ತಿದ್ದರು. ನೆಲ ನೋಡುವರು, ಜಂತಿ ನೋಡುವರು, ನಾಲ್ಕೂ ಮೂಲೆ ನೋಡುವರು. ಕಂಬ ಎಲ್ಲಿದೆ, ಬೀಸುಕಲ್ಲು ಎಲ್ಲಿದೆ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕಣ್ಣಿನಲ್ಲಿ ತುಂಬಿಕೊಂಡ ಮೇಲೆಯೇ ನಮ್ಮ ಮುಖ ನೋಡಿ ನಗುತ್ತಿದ್ದರು. ಮೊದಲ ಸಲ ನಮ್ಮ ಮನೆಗೆ ಬಂದು ಹೀಗೆ ತಿರುಗಿದಾಗ, ಪಕ್ಕದ ಮನೆಯ ಫಕೀರವ್ವ ನನ್ನ ಕಿವಿಯಲ್ಲಿ, "ಮನಿ ಕೊಳ್ಳಾಕ ಬಂದಾರೇನವಾ ಇವರು?" ಎಂದಿದ್ದಳು.

ಅದು ಅವರಿಗೆ ತಂದೆಯಿಂದ ಬಂದ ರೂಢಿ. ಅವರ ತಂದೆ ಕುಷ್ಟಗಿಯಲ್ಲಿ ಶಾಮಿಯಾನ ಹಾಕುವವರು. ಮದುವೆ ಮನೆಯ ಮುಂದೆ ಹೋಗಿ ಟೇಪು ಹಿಡಿಯದೆ, ಬರೀ ಹೆಜ್ಜೆಯಲ್ಲಿ ಅಳೆದು, ಇಷ್ಟು ಗೂಟ ಬೇಕು, ಇಷ್ಟು ಬಟ್ಟೆ ಬೇಕು ಎಂದು ನಿಂತಲ್ಲೇ ಹೇಳುತ್ತಿದ್ದರಂತೆ. ಸಣ್ಣವರಿದ್ದಾಗ ಮೇಡಂ ಹಗ್ಗದ ಒಂದು ತುದಿ ಹಿಡಿದು ನಿಲ್ಲುತ್ತಿದ್ದರು. "ನಮ್ಮ ಅಬ್ಬಾ ಹೇಳತಿದ್ರು ಅಕ್ಕಾ, ಜಾಗಾ ನಿನಗ ಗುರುತು ಆಗೂ ತನಕ ಗೂಟ ಹೊಡೀಬ್ಯಾಡ ಅಂತ. ನನ್ನ ಪೆಟ್ಟಿಗ್ಯಾಗಿನ ಈ ಮಷೀನಿಗೂ ಅದ ಬುದ್ಧಿ ಐತಿ ನೋಡ್ರಿ," ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅವರಿಗೆ ನಲವತ್ತೈದರ ವಯಸ್ಸು. ಎತ್ತರದ ಆಳು, ಒರಟು ದನಿ. ತಲೆಯ ಮೇಲಿನ ದುಪಟ್ಟಾ ಕೆಲಸದಲ್ಲಿ ಜಾರಬಾರದೆಂದು ಎರಡು ಪಿನ್ನು. ಹೆಂಗಸರಿಗೆ ದನಗಳ ಆರೈಕೆ ಕಲಿಸಲು, ಹಿಂದುಗಡೆ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಸ್ಕೂಟಿಯಲ್ಲಿ ಓಡಾಡುತ್ತಿದ್ದರು. ಆ ಪೆಟ್ಟಿಗೆಯಲ್ಲಿ ನಾಲ್ಕು ಹೆಡ್‌ಸೆಟ್ಟುಗಳಿದ್ದವು. ಕಣ್ಣು ಹಣೆ ಎರಡನ್ನೂ ಮುಚ್ಚುವ ದೊಡ್ಡ ಕನ್ನಡಕ ಎಂದುಕೊಳ್ಳಿ. ನಾವು ಹೆಂಗಸರು ಅದಕ್ಕೆ ಚಾಳೀಸು ಎಂದೇ ಹೆಸರಿಟ್ಟಿದ್ದೆವು.

ನಾನು ಅವರ ಬಳಿ ಕಲಿಯಲು ಹೋದದ್ದು ಹೇಗೆಂದು ಹೇಳುತ್ತೇನೆ. ನಿಮ್ಮ ಅಜ್ಜ ಹೋದ ಮೇಲೆ ನಾನು ಮನೆ, ಹೊಲ, ದನದ ಕೊಟ್ಟಿಗೆ ಬಿಟ್ಟು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ. ಮೊದಲೇ ನಾಲ್ಕು ಜನರ ಮುಂದೆ ಬಾಯಿ ಬಿಡದವಳು. ಅವರು ಹೋದ ಮರುವರ್ಷ ನಮ್ಮ ಗೌರಿ ಆಕಳು ಈಯಲು ಒದ್ದಾಡಿತು. ನಾನು ಕೈಯಿಟ್ಟು ನೋಡಿದ್ದೆ. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಅಷ್ಟರಲ್ಲಿ ಓಣಿಯ ಗಂಡಸರು ಬಂದು ಹಗ್ಗ ಕಟ್ಟಿ ಎಳೆಯತೊಡಗಿದರು. ಎಳೆಯಬೇಡಿ, ಮೊದಲು ಕಾಲು ನೆಟ್ಟಗೆ ಮಾಡಬೇಕು ಎಂಬ ಮಾತು ನನ್ನ ಗಂಟಲವರೆಗೆ ಬಂದು ನಿಂತಿತು. ನಾನು ಬಾಗಿಲ ಹಿಂದೆ ಸೆರಗು ಹಿಡಿದು ನಿಂತೆ. ಕರು ಉಳಿಯಲಿಲ್ಲ, ಮೂರು ದಿನಕ್ಕೆ ಗೌರಿಯೂ ಉಳಿಯಲಿಲ್ಲ. ಅದಕ್ಕೇ, ದನಕರುಗಳ ಆರೈಕೆ ಕಲಿಯಲು ನಮ್ಮ ಮಹಿಳಾ ಸಂಘದಿಂದ ಐದು ಮಂದಿ ಬೇಕು ಎಂದಾಗ ಫಕೀರವ್ವ ನನ್ನನ್ನು ಕೇಳದೆಯೇ ಹೆಸರು ಬರೆಸಿದರೂ ನಾನು ಬೇಡ ಎನ್ನಲಿಲ್ಲ.

ಕಲಿಸುವ ಜಾಗ ಕುಷ್ಟಗಿಯ ಒಂದು ಹಳೆಯ ಬೀಜದ ಗೋದಾಮು. ಗೋಡೆಯ ಮೇಲೆ ಜೋಳ, ತೊಗರಿ, ಹೆಸರು ಎಂದು ಯಾರೋ ಎಂದೋ ಬರೆದ ಅರ್ಧಂಬರ್ಧ ಅಕ್ಷರಗಳು. ಬಿರುಕು, ಮಳೆ ನೀರು ಇಳಿದ ಕಲೆ, ಮೊಳೆ ಹೊಡೆದ ತೂತು, ಹರಿದ ಕ್ಯಾಲೆಂಡರು. ಅದನ್ನು ನೋಡಿ ನಾನು, ಇಷ್ಟು ಬೆಲೆಯ ಸಾಮಾನು ಇಟ್ಟುಕೊಂಡು ಗೋಡೆಗೆ ಒಂದು ಕೈ ಸುಣ್ಣ ಕಾಣಿಸಬಾರದೇ ಎಂದುಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ದಿನ ಮೇಡಂ ನನಗೂ ಫಕೀರವ್ವನಿಗೂ ಒಟ್ಟಿಗೆ ಚಾಳೀಸು ಕಟ್ಟಿ, ತಾವೂ ಒಂದು ಕಟ್ಟಿಕೊಂಡರು. ಕಟ್ಟಿದರೆ ಕತ್ತಲಾಗುತ್ತದೆ ಎಂದು ನಾನು ಹೆದರಿದ್ದೆ. ಹಾಗಾಗಲಿಲ್ಲ. ಅದೇ ಗೋದಾಮು, ಅದೇ ಬಿರುಕು, ಮೇಡಂ, ಫಕೀರವ್ವ ಎಲ್ಲ ಕಾಣುತ್ತಿತ್ತು. ನಾವು ಮೇಡಂ ಹೇಳಿದಂತೆ ಎಡಗಡೆಯಿಂದ ಸುರು ಮಾಡಿ ಒಂದು ಸುತ್ತು ತಿರುಗಿದೆವು. ತಿರುಗಿ ಮುಗಿಸುವುದರೊಳಗೆ, ಗೋದಾಮಿನ ನಟ್ಟನಡುವೆ ಒಂದು ಆಕಳು ನಿಂತಿತ್ತು.

ಮಕ್ಕಳೇ, ಹೇಗೆ ಹೇಳಲಿ! ಟಿವಿಯಲ್ಲಿ ಕಾಣುವ ಆಕಳಲ್ಲ. ನಾನು ಬಲಕ್ಕೆ ನಡೆದರೆ ಅದರ ಬಲಪಕ್ಕೆ ಕಾಣುತ್ತಿತ್ತು, ಕುಕ್ಕರಗಾಲಲ್ಲಿ ಕೂತರೆ ಕೆಚ್ಚಲು ಕಾಣುತ್ತಿತ್ತು. ನಾನು ಓಡಾಡಿದರೂ ಅದು ನಿಂತ ಜಾಗ ಬಿಟ್ಟು ಒಂದು ಗೇಣು ಕದಲುತ್ತಿರಲಿಲ್ಲ. ಹೊಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು. ನಾನು ದೂರದಿಂದಲೇ ಸುತ್ತುತ್ತಿದ್ದೆ. ಫಕೀರವ್ವ ಮಾತ್ರ, ಇಲ್ಲದ ಆಕಳಿಗೆ ಹೆದರುವುದೇನು ಎಂದು ಗಟ್ಟಿಯಾಗಿ ಹೇಳಿ ಅದರ ಹೊಟ್ಟೆಯ ನಡುವಿನಿಂದ ನೆಟ್ಟಗೆ ಆಚೆಗೆ ನಡೆದು ಹೋದಳು. ಉಳಿದವರೆಲ್ಲ ನಕ್ಕರು. ಮೇಡಂ ನಗಲಿಲ್ಲ.

ನಾನು ಏನು ಮಾಡಿದೆನೆಂದು ನನಗೇ ತಿಳಿದಿರಲಿಲ್ಲ. ಹೊಸ ಆಕಳು, ನನ್ನ ಗುರುತಿಲ್ಲ ಎಂದು ಎದುರಿಗೆ ಬರದೆ ಓರೆಯಿಂದ ಬಂದು, ಕೈ ಮುಂದೆ ಚಾಚಿ, ಮೂಸಲು ಬಿಟ್ಟು ನಿಂತಿದ್ದೆ. ಬಾಯಲ್ಲಿ "ಹೋ ಹೋ, ಅವ್ವಾ" ಎನ್ನುತ್ತಿದ್ದೆನಂತೆ. ಮೇಡಂ ಎಲ್ಲರನ್ನೂ ಸುಮ್ಮನಿರಿಸಿ ಹೇಳಿದರು: "ಎಲ್ಲಾರೂ ಹನುಮವ್ವಕ್ಕನ್ನ ನೋಡ್ರಿ. ಪಾಠ ಹಿಂಗ ಸುರು ಆಕ್ಕೈತಿ. ಫಕೀರವ್ವಾರ, ನೀವು ಆಕಳದಾಗ ಹಾದು ಹೋದ್ರಿ. ನಾಳೆ ಖರೇ ಆಕಳ ಮುಂದ ನಿಮ್ಮ ಕಾಲು ಹಂಗ ಹೋದ್ರ, ಅದು ಒದಿಯೂದು ಖರೇನ ಇರತೈತಿ."

ಆ ದಿನವೇ ಇನ್ನೊಂದು ನಡೆಯಿತು. ಚಾಳೀಸಿನ ಹಣೆಯ ಮೇಲೆ ಸಣ್ಣ ಸಣ್ಣ ಕಣ್ಣುಗಳಿವೆ. ಅವು ನಮ್ಮ ಕೈಯ ಗುರುತು ಹಿಡಿದರೆ ಮಾತ್ರ ನಾವು ಮುಟ್ಟಿದ್ದು ಆಕಳಿಗೆ ತಿಳಿಯುವುದು. ಮುಂಗೈ ತುಂಬ ಬಳೆ ತೊಟ್ಟವರು, ಮದುವೆಯ ಮೆಹಂದಿ ಇನ್ನೂ ಮಾಸದವರು, ಅವರೆಲ್ಲರ ಕೈ ಅದಕ್ಕೆ ನಡುನಡುವೆ ತಪ್ಪುತ್ತಿತ್ತು. ನನ್ನ ಕೈ ಒಂದೇ ಏಟಿಗೆ ಹಿಡಿಯಿತು. ನಾನು ಪಕ್ಕೆಯ ಮೇಲೆ ಅಂಗೈ ಇಟ್ಟ ಕೂಡಲೇ ಆಕಳು ಕಿವಿ ಅಲ್ಲಾಡಿಸಿತು. ಯಾರೋ ಹಿಂದಿನಿಂದ, ಬರಿಗೈ ಅಲ್ಲವೇ, ಅದಕ್ಕೆ, ಎಂದರು. ಅವರ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ. ಆದರೂ ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಉಡಿ ತುಂಬುವಾಗ, ಅರಿಶಿನ ಹಚ್ಚುವಾಗ ಈ ಕೈ ಹಿಂದೆಯೇ ಇದ್ದು ಇದ್ದು ಅದಕ್ಕೂ ಅಭ್ಯಾಸವಾಗಿತ್ತು.

ಖಾಜಾಬೀ ಮೇಡಂ ನನ್ನ ಮುಂಗೈ ಹಿಡಿದು ಮತ್ತೆ ಮುಂದಕ್ಕೆ ಚಾಚಿಸಿದರು. "ಅಕ್ಕಾ, ಇಲ್ಲಿ ನಿಮ್ಮ ಕೈನ ಮೊದಲ," ಎಂದರು. ಅಷ್ಟೇ. ಆಮೇಲೆ ಉಳಿದವರಿಗೆ, ನಾಳೆ ಬರುವಾಗ ಬಳೆ ಬಿಚ್ಚಿ ಡಬ್ಬಿಯಲ್ಲಿ ಇಟ್ಟು ಬನ್ನಿ, ಈಯುವ ಆಕಳಿನ ಒಳಗೆ ಯಾರೂ ಬಳೆಗೈ ಹಾಕುವುದಿಲ್ಲ ಎಂದು ಹೇಳಿ ಪಾಠ ಮುಂದುವರಿಸಿದರು.

ಅವರು ಪುಸ್ತಕ ಹಿಡಿದು ಕಲಿಸಲೇ ಇಲ್ಲ. ಇಬ್ಬಿಬ್ಬರನ್ನು ನಿಲ್ಲಿಸುವರು. ಒಬ್ಬಳು ತಲೆಯ ಕಡೆ, ಒಬ್ಬಳು ಬಾಲದ ಕಡೆ. ಇಬ್ಬರಿಗೂ ಒಂದೇ ಆಕಳು, ಒಂದೇ ಜಾಗದಲ್ಲಿ. ಫಕೀರವ್ವ ಆ ಕಡೆಯಿಂದ ಹೊಟ್ಟೆ ಒತ್ತಿದರೆ ಈ ಕಡೆಯಿದ್ದ ನನಗೆ ಆಕಳು ತಲೆ ತಿರುಗಿಸಿದ್ದು ಕಾಣುತ್ತಿತ್ತು. ಈಯುವ ಪಾಠದ ದಿನ ಮೇಡಂ ಏನೋ ಒತ್ತಿದರು, ಆಕಳಿನ ಹೊಟ್ಟೆ ಗಾಜಿನ ಹಾಗೆ ಆಗಿಬಿಟ್ಟಿತು. ಒಳಗೆ ಕರು ಮಲಗಿತ್ತು. ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು.

ನನಗೆ ಕಣ್ಣು ಮಂಜಾಯಿತು. ಚಾಳೀಸಿನೊಳಗೆ ಒರೆಸಿಕೊಳ್ಳಲೂ ಬಾರದು. ಮೇಡಂಗೆ ಗೌರಿಯ ಸುದ್ದಿ ಗೊತ್ತಿರಲಿಲ್ಲ. ಅವರು ನನ್ನ ಪಕ್ಕ ನಿಂತು ಹೇಳಿಕೊಟ್ಟರು: ಮೊದಲು ಕರುವನ್ನು ಒಳಕ್ಕೆ ದೂಡು, ಜಾಗ ಮಾಡಿಕೊ, ಗೊರಸನ್ನು ಅಂಗೈಯಲ್ಲಿ ಬಟ್ಟಲ ಹಾಗೆ ಮುಚ್ಚಿಕೊ, ಆಮೇಲೆ ಸುತ್ತಿಸಿ ಮುಂದಕ್ಕೆ ತಾ. ಮೊದಲ ಎರಡು ಸಲ ನಾನು ಜಾಗ ಮಾಡಿಕೊಳ್ಳದೆ ಕಾಲನ್ನೇ ಎಳೆದುಬಿಟ್ಟೆ. ಆಕಳು ನರಳಿತು, ಪಾಠ ಮತ್ತೆ ಮೊದಲಿನಿಂದ ಸುರುವಾಯಿತು. ಮೂರನೆಯ ಸಲ ಕಾಲು ನೆಟ್ಟಗೆ ಬಂತು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗಲೂ ನನ್ನ ಬಲಗೈ ತಾನಾಗಿಯೇ ಬಟ್ಟಲಿನ ಹಾಗೆ ಮಡಚಿಕೊಳ್ಳುತ್ತಿತ್ತು. ಫಕೀರವ್ವ ನೋಡಿ, "ಸಾಕು ಬಿಡವಾ, ಬಸ್ಸಿನಾಗ ಯಾವುದೂ ಈಯೂದಿಲ್ಲ," ಎಂದಳು.

ಹೀಗೆ ಎರಡು ತಿಂಗಳು ನಡೆಯಿತು. ಒಂದು ದಿನ ಮೇಡಂ ಊಟದ ಹೊತ್ತಿಗೆ ರೊಟ್ಟಿ ಬಿಚ್ಚದೆ ಕೂತಿದ್ದರು. ಚಾಳೀಸುಗಳನ್ನು ಕೊಟ್ಟ ಸಂಸ್ಥೆಯಿಂದ ಇಬ್ಬರು ನೋಡಲು ಬರುವವರಿದ್ದರು. ಹಳ್ಳಿ ಹೆಂಗಸರ ಕೈಯಲ್ಲಿ ಇದು ನಡೆಯುತ್ತದೆಯೇ, ಇಲ್ಲಾ ಚಾಳೀಸುಗಳನ್ನು ಗಂಗಾವತಿಯ ದೊಡ್ಡ ಕಾಲೇಜಿಗೆ ಒಯ್ಯುವುದು ಒಳ್ಳೆಯದೇ ಎಂದು ಅವರು ಅಂದೇ ತೀರ್ಮಾನ ಮಾಡುವವರಿದ್ದರು. ಅಲ್ಲಿಗೆ ಹೋದರೆ ನಮ್ಮಲ್ಲಿ ಒಬ್ಬರೂ ಅಷ್ಟು ದೂರ ಹೋಗಿ ಬರುವವರಿರಲಿಲ್ಲ. ಮೇಡಂ ನನ್ನ ಕಡೆ ನೋಡಿ, ಬಂದವರ ಮುಂದೆ ಕರು ತಿರುಗಿಸುವ ಪಾಠ ನೀವೇ ಮಾಡಿ ತೋರಿಸಬೇಕು ಎಂದರು.

ಈಗ ನಾನು ಮಾಡಿದ ತಪ್ಪು ಹೇಳಬೇಕು. ಅವರು ಬರುವ ಹಿಂದಿನ ದಿನ ಮಧ್ಯಾಹ್ನದವರೆಗೆ ಮೇಡಂ ಯಲಬುರ್ಗಾಕ್ಕೆ ಕೆಲಸದ ಮೇಲೆ ಹೋಗಿದ್ದರು. ದೊಡ್ಡವರು ಮನೆಗೆ ಬರುವಾಗ ನಾವು ಏನು ಮಾಡುತ್ತೇವೆ? ಸುಣ್ಣ ಬಳಿಯುತ್ತೇವೆ. ನಾನೇ ಹೇಳಿದೆ, ಫಕೀರವ್ವ ಸುಣ್ಣ ಕಲಸಿದಳು, ಐವರೂ ಸೆರಗು ಸಿಕ್ಕಿಸಿ ನಿಂತೆವು. ಬಿರುಕಿಗೆ ಮಣ್ಣು ತುಂಬಿದೆವು. ಕ್ಯಾಲೆಂಡರು ಕಿತ್ತೆವು, ಮೊಳೆ ಕಿತ್ತೆವು, ಜೋಳ ತೊಗರಿ ಹೆಸರು ಎಂಬ ಅಕ್ಷರಗಳ ಮೇಲೆ ಮೂರು ಕೈ ಸುಣ್ಣ ಎಳೆದೆವು. ಸಿಮೆಂಟಿನ ನೆಲದ ಕಲೆಗಳನ್ನು ಉಜ್ಜಿ ಉಜ್ಜಿ ತೆಗೆದೆವು. ಗೋದಾಮು ಹಾಲಿನ ಬಟ್ಟಲಿನಂತೆ ಹೊಳೆಯಿತು. ನಮಗೆ ಹೆಮ್ಮೆಯೋ ಹೆಮ್ಮೆ.

ಮೇಡಂ ಬಂದರು, ಎರಡು ಹೆಜ್ಜೆ ಒಳಗೆ ಬಂದು ನಿಂತರು, ಎಂದಿನಂತೆ ತಿರುಗತೊಡಗಿದರು. ಅರ್ಧ ಸುತ್ತಿಗೆ ನಿಂತುಬಿಟ್ಟರು. ಹೆಡ್‌ಸೆಟ್ ಕಟ್ಟಿಕೊಂಡು ನೋಡಿದರು, ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಹಾಕಿಕೊಂಡು ನೋಡಿದರೆ, ಆಕಳು ನಿಲ್ಲುತ್ತಲೇ ಇಲ್ಲ. ಮೊಣಕಾಲಿನವರೆಗೆ ನೆಲದಲ್ಲಿ ಹೂತಿದೆ, ಮರುಕ್ಷಣ ಗಾಳಿಯಲ್ಲಿದೆ, ನಾನು ತಲೆ ತಿರುಗಿಸಿದರೆ ಜಾರಿಕೊಂಡು ಬಾಗಿಲ ಕಡೆ ಹೊರಟಿದೆ.

ಮೇಡಂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಣೆ ಹಿಡಿದುಕೊಂಡು ಕೂತು, ಮೆಲ್ಲಗೆ ತಿಳಿಸಿ ಹೇಳಿದರು. ಆ ಹಣೆಯ ಕಣ್ಣುಗಳು ಬಿರುಕು, ಕಲೆ, ಅಕ್ಷರ, ಇಂಥ ಗುರುತು ಹಿಡಿದೇ ತಾವು ಎಲ್ಲಿ ನಿಂತಿದ್ದೇವೆ, ಯಾವ ಕಡೆ ತಿರುಗಿದ್ದೇವೆ ಎಂದು ತಿಳಿಯುತ್ತವೆ. ಅದು ತಿಳಿದರೆ ಆಕಳನ್ನು ಅದರ ಜಾಗದಲ್ಲಿ ನಿಲ್ಲಿಸುತ್ತವೆ. ಎಲ್ಲ ಕಡೆ ಒಂದೇ ಬಿಳುಪು ಇದ್ದರೆ ಅವಕ್ಕೆ ದಿಕ್ಕೇ ಇಲ್ಲ. "ಆ ಬಿರುಕನ ನಮ್ಮ ಗೂಟ ಆಗಿತ್ತು ಅಕ್ಕಾ," ಎಂದರು. ಸುಣ್ಣದ ಕೈ ಸೀರೆಗೆ ಒರೆಸಿಕೊಳ್ಳುತ್ತ ನಾನು ನೆಲ ನೋಡುತ್ತಿದ್ದೆ.

ಫಕೀರವ್ವ ಸುಮ್ಮನಿರಲಿಲ್ಲ. ಎದುರಿನ ಬಟ್ಟೆ ಅಂಗಡಿಗೆ ಓಡಿ, ಹೂವಿನ ಹೊಸ ಚಾದರ ನಾಲ್ಕು ಕೇಳಿ ತಂದು ಗೋಡೆಗೆ ಕಟ್ಟಿದಳು. ಆಕಳು ಸ್ವಲ್ಪ ನಿಂತಿತು, ಆಮೇಲೆ ಗಕ್ಕನೆ ಒಂದು ಮಾರು ಪಕ್ಕಕ್ಕೆ ಹಾರಿತು. ಚಾದರದ ತುಂಬ ಒಂದೇ ಹೂವು, ಒಂದೇ ಅಳತೆ. ಈ ಹೂವು ಯಾವುದು, ಆ ಹೂವು ಯಾವುದು ಎಂದು ಮಷೀನಿಗೆ ಗೊಂದಲ. ಒಂದರಂತೆ ಒಂದಿರಬಾರದು, ಪ್ರತಿ ಮೂಲೆಯೂ ಬೇರೆಯೇ ಇರಬೇಕು ಎಂದರು ಮೇಡಂ.

ಒಂದರಂತೆ ಒಂದಿಲ್ಲದ ಬಟ್ಟೆ ಎಂದ ಕೂಡಲೇ ನನಗೆ ನೆನಪಾದದ್ದು ಟ್ರಂಕಿನಲ್ಲಿದ್ದ ನನ್ನ ಕೌದಿ. ನಿಮ್ಮ ಅಜ್ಜನ ನೀಲಿ ಪಟ್ಟಿಯ ಅಂಗಿ, ನಿಮ್ಮ ಅವ್ವನ ಸಾಲೆಯ ಲಂಗ, ನನ್ನ ಇಳಕಲ್ ಸೀರೆಯ ಸೆರಗು, ಯಾವುದು ಕೈಗೆ ಸಿಕ್ಕಿತೋ ಅದನ್ನು ಕತ್ತರಿಸಿ ಜೋಡಿಸಿ ಹೊಲಿದದ್ದು. ಅಜ್ಜ ಹೋದ ಮೇಲೆ ಅದನ್ನು ಹೊದೆಯಲೂ ಆಗದೆ, ಕೊಡಲೂ ಆಗದೆ ಒಳಗಿಟ್ಟಿದ್ದೆ. ನಾಲ್ಕು ಜನರ ಮುಂದೆ ಬಿಡಿಸುವ ಮಾತು ದೂರ. ಆದರೆ ಗೌರಿಯ ದಿನ ಗಂಟಲಲ್ಲೇ ಉಳಿದ ಮಾತು ನೆನಪಾಯಿತು.

"ಮೇಡಂ, ಕೌದಿ ಹಾಕಿದ್ರ ನಡದೀತೇನ್ರಿ?" ಎಂದೆ.

ಅವರು ಅಂಗೈಯಿಂದ ಹಣೆ ಬಡಿದುಕೊಂಡು ನಗತೊಡಗಿದರು. "ಎರಡು ತಿಂಗಳಾತು ನಾನು ನಿಮಗ ಕಲಸಾಕತ್ತೀನಿ. ಇವತ್ತ ನೀವು ನನಗ ಕಲಿಸಿದ್ರಿ. ತರ್ರಿ ಅಕ್ಕಾ, ಊರಾಗ ಎಷ್ಟ ಅದಾವೋ ಅಷ್ಟೂ ತರ್ರಿ."

ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾವು ಐವರೂ ತಲೆಯ ಮೇಲೆ ಕೌದಿ ಹೊತ್ತು ಬಂದೆವು. ಕಂಡಕ್ಟರು, ಯಾವ ಊರಿಗೆ ಸಂಸಾರ ಸಾಗಿಸುತ್ತಿದ್ದೀರಿ ಎಂದು ಕೇಳಿದ. ಮೇಡಂ ತಮ್ಮ ತಂದೆಯ ಶಾಮಿಯಾನದ ಹಗ್ಗ ತಂದಿದ್ದರು. ಗೋಡೆಯಿಂದ ಗೋಡೆಗೆ ಹೆಜ್ಜೆಯಲ್ಲಿ ಅಳೆದು ಹಗ್ಗ ಬಿಗಿದರು, ನಾವು ಕೌದಿ ಕಟ್ಟಿದೆವು. ನನ್ನದನ್ನು ಬಾಗಿಲಿನ ಎದುರಿಗೇ ಕಟ್ಟಿದರು. ಆಮೇಲೆ ಹೆಡ್‌ಸೆಟ್ ಹಾಕಿಕೊಂಡು, ಎಡಗಡೆಯಿಂದ ಸುರು ಮಾಡಿ ಒಂದು ಸುತ್ತು. ನಾವು ಅವರ ತುಟಿಯನ್ನೇ ನೋಡುತ್ತಿದ್ದೆವು. "ನಿಂತೈತಿ," ಎಂದರು.

ಬಂದವರಲ್ಲಿ ಒಬ್ಬರು ಮಹಿಳಾ ಅಧಿಕಾರಿ. ಅವರ ಮುಖದಲ್ಲಿ ನಂಬಿಕೆ ಇರಲಿಲ್ಲ. ಗೋಡೆಯ ಕೌದಿ ನೋಡಿ ಇದೇನು ಪ್ರದರ್ಶನವೇ ಎಂದು ಕೇಳಿದರು. ಮೇಡಂ ಅವರಿಗೂ ಒಂದು ಚಾಳೀಸು ಕಟ್ಟಿ ತಲೆಯ ಕಡೆ ನಿಲ್ಲಿಸಿ, ನನ್ನನ್ನು ಬಾಲದ ಕಡೆ ನಿಲ್ಲಿಸಿದರು. ಎದುರಿಗೆ ಆಕಳು, ಆಕಳಿನ ಹಿಂದೆ ನಿಮ್ಮ ಅಜ್ಜನ ನೀಲಿ ಪಟ್ಟಿಯ ಅಂಗಿ. ನಾನು ಕರುವನ್ನು ಒಳಕ್ಕೆ ದೂಡಿದೆ, ಜಾಗ ಮಾಡಿಕೊಂಡೆ, ಗೊರಸು ಅಂಗೈಯಲ್ಲಿ ಮುಚ್ಚಿಕೊಂಡೆ. ನಡುವೆ ಆ ಅಧಿಕಾರಿ ಮುಂದೆ ಬಾಗಿ, ಎಳೆಯುವುದಿಲ್ಲವೇ ಎಂದು ಕೇಳಿದರು. "ಎಳೀಬಾರದ್ರಿ. ಮೊದಲ ಕಾಲು ನೆಟ್ಟಗ ಆಗಬೇಕು," ಎಂದೆ. ಗೋದಾಮಿನಲ್ಲಿದ್ದ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಎಂದೆ. ಅಷ್ಟು ವರ್ಷ ಒಳಗೆ ಇದ್ದ ಮಾತು ಅದು. ಕಾಲು ಬಂತು, ಕರು ಬಂತು, ಒದ್ದೆ ಕಿವಿ ಅಲ್ಲಾಡಿಸಿತು.

ಅಧಿಕಾರಿ ಚಾಳೀಸು ಬಿಚ್ಚಿ ಮೇಜಿನ ಮೇಲಿಟ್ಟು, ಬಾಗಿಲಿನ ಕಡೆ ಹೊರಟರು. ಬಾಗಿಲು ನೆಟ್ಟಗೆ ಎದುರಿಗಿತ್ತು, ನಡುವೆ ಖಾಲಿ ನೆಲ. ಅವರು ನಡುವಿಗೆ ಬಂದವರು ಪಕ್ಕಕ್ಕೆ ಸರಿದು, ಸುತ್ತಿ ಹಾಕಿಕೊಂಡು, ಆಚೆ ಕಡೆಯಿಂದ ಬಾಗಿಲಿಗೆ ಹೋದರು. ಮೇಡಂ ನನ್ನ ಕೈ ಗಟ್ಟಿಯಾಗಿ ಹಿಚುಕಿ ಪಿಸುಗುಟ್ಟಿದರು: "ನೋಡಿದ್ರೇನಕ್ಕ? ಸುತ್ತಿ ಹೋದ್ರು. ಇನ್ನ ಗೋದಾಮು ನಮ್ದ."

ಹಾಗೆಯೇ ಆಯಿತು. ಚಾಳೀಸುಗಳು ಕುಷ್ಟಗಿಯಲ್ಲೇ ಉಳಿದವು. ಆದರೆ ಮೇಡಂ ಉಳಿಯಲಿಲ್ಲ. ಇಲ್ಲಿ ಇಷ್ಟು ಚೆನ್ನಾಗಿ ನಡೆಸಿದವರು ಬೇರೆ ಕಡೆಯೂ ಸುರು ಮಾಡಿಕೊಡಲಿ ಎಂದು ಸಂಸ್ಥೆಯವರು ಮೊದಲು ಯಲಬುರ್ಗಾಕ್ಕೆ, ಆಮೇಲೆ ಬೀದರದ ಕಡೆಗೆ ಕಳಿಸಿದರು. ಅವರನ್ನು ನಮ್ಮಿಂದ ದೂರ ಮಾಡಿದ್ದು ನಾವೇ ಕಟ್ಟಿದ ಕೌದಿಗಳು ಎಂದು ಫಕೀರವ್ವ ಈಗಲೂ ಗೊಣಗುತ್ತಾಳೆ. ಗೊಣಗುತ್ತಲೇ ತನ್ನ ಕೌದಿಯನ್ನು ಮಡಚಿ ಅವರ ಸ್ಕೂಟಿಯ ಪೆಟ್ಟಿಗೆಗೆ ತುರುಕಿದವಳೂ ಅವಳೇ.

ಹೋಗುವ ಮುಂಚೆ ಒಂದು ಸಂಜೆ ಮೇಡಂ ನಮ್ಮ ಮನೆಗೆ ಬಂದರು. ಹೊಸ್ತಿಲು ದಾಟಿ ಎರಡು ಹೆಜ್ಜೆ ಬಂದು ನಿಂತು ತಿರುಗಿದರು. ನಕ್ಕರು. ಆಮೇಲೆ ಹಿತ್ತಲ ಕೋಣೆಗೆ ಹೋಗಿ, ನನ್ನ ಕೌದಿಯನ್ನು ಅಲ್ಲಿಯ ಗೋಡೆಗೆ ಕಟ್ಟಿಸಿ, ಹೆಡ್‌ಸೆಟ್ ಹಾಕಿಕೊಂಡು ಬಹಳ ಹೊತ್ತು ಓಡಾಡಿದರು. ಬಿಚ್ಚಿ ನನಗೆ ಕಟ್ಟಿದರು. ನಮ್ಮ ಕೋಣೆಯ ನಡುವೆ, ಕೌದಿಯ ಕಡೆ ಮುಖ ಮಾಡಿ, ಆಕಳು ನಿಂತಿತ್ತು. ಪಕ್ಕದಲ್ಲಿ ಕರು.

ಆಗ ಅವರಿಗೆ ಗೌರಿಯ ಸುದ್ದಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಚಾ ಆರಿಹೋಗಿತ್ತು. ಏಳುವಾಗ ಮೇಡಂ, "ಗೂಟ ಗಟ್ಟಿ ಹೊಡದೀನಿ ಅಕ್ಕಾ. ಕೌದಿ ಇರೂತನಕ ಆಕಳ ಇಲ್ಲೇ ಇರತೈತಿ," ಎಂದು ಹೇಳಿ, ಹಿಂತಿರುಗಿ ನೋಡದೆ ಸ್ಕೂಟಿ ಹತ್ತಿದರು. ಅದೇ ಕೊನೆ, ಆಮೇಲೆ ನಾನು ಅವರನ್ನು ಕಂಡಿಲ್ಲ.

ಆ ಹೆಡ್‌ಸೆಟ್ ಈಗ ಗೋದಾಮಿನಲ್ಲಿದೆ. ಹೊಸಬರಿಗೆ ಮೊದಲ ದಿನದ ಪಾಠ ಹೇಳುವವಳು ನಾನೇ ಎಂದರೆ ನೀವು ನಂಬುವುದಿಲ್ಲ. ಹೋದ ತಿಂಗಳು ಫಕೀರವ್ವನ ಎಮ್ಮೆ ಈಯುವಾಗ ಹಗ್ಗ ಹಿಡಿದು ಬಂದ ಗಂಡಸರನ್ನು ಬಾಗಿಲಲ್ಲೇ ನಿಲ್ಲಿಸಿ ನಾನೇ ಒಳಗೆ ಹೋದೆ. ತಾಯಿ ಕರು ಎರಡೂ ಚೆನ್ನಾಗಿವೆ.

ಹಿತ್ತಲ ಕೋಣೆಯಲ್ಲಿ ಕಸ ಗುಡಿಸುವಾಗ ಅಜ್ಜಿ ನಡುವಿನ ಜಾಗ ಬಿಟ್ಟು ಸುತ್ತಿ ಹೋಗುವುದೇಕೆ ಎಂದು ನೀವು ಸೂಟಿಯಲ್ಲಿ ಗಂಗಾವತಿಯಿಂದ ಬಂದಾಗ ಕೇಳಿದ್ದಿರಿ. ನಾನು ನಾಚಿ, ಕಾಲು ನೋವು ಎಂದು ಸುಳ್ಳು ಹೇಳಿದ್ದೆ. ಈಗ ಗೊತ್ತಾಯಿತಲ್ಲ. ಮುಂದಿನ ಸೂಟಿಗೆ ಎರಡು ಹೆಡ್‌ಸೆಟ್ ಕೇಳಿ ತಂದಿಡುತ್ತೇನೆ. ಶ್ರಾವಣಿ ತಲೆಯ ಕಡೆ, ವೀರೇಶ ಬಾಲದ ಕಡೆ ನಿಲ್ಲಿರಿ. ಕೈ ಚಾಚಿ ಮೂಸಲು ಬಿಟ್ಟ ಮೇಲೆಯೇ ಹತ್ತಿರ ಹೋಗಿ. ಆ ಗೋಡೆಗೆ ಮಾತ್ರ ಯಾರೂ ಸುಣ್ಣ ಬಳಿಯದಂತೆ, ಕೌದಿ ಬಿಚ್ಚದಂತೆ ನೋಡಿಕೊಳ್ಳಿ. ಈ ಹಾಳೆಗಳನ್ನು ಓದಿಯಾದ ಮೇಲೆ ಮಡಚಿ, ಬರುವಾಗ ತಂದು, ಕೌದಿಯ ಹಿಂಬದಿಯಲ್ಲಿ ನಾನು ಹೊಲಿದಿರುವ ಜೇಬಿನಲ್ಲಿ, ನೀಲಿ ಪಟ್ಟಿಯ ತುಂಡಿನ ಹಿಂದೆ, ಜೋಪಾನವಾಗಿ ಇಡಿ.